ರಾಜ್ಯದ ಗಡಿಯಲ್ಲಿ ನಿಂತ ಹಕ್ಕು



ಹಗೆ ಸಾಧಿಸಲು ಯಾರೋ ಒಬ್ಬರ ಮೇಲೆ ಸುಳ್ಳು ದೂರು ಕೊಟ್ಟಿದ್ದಾರೆ ಎಂದುಕೊಳ್ಳಿ. ಪೊಲೀಸರು ಇಂದೋ ನಾಳೆಯೋ ಬರಬಹುದು. ಬಂಧನವಾದ ಮೇಲೆ ಜಾಮೀನು ಕೇಳಬಹುದು, ನಿಜ. ಆದರೆ ಲಾಕಪ್ಪಿನಲ್ಲಿ ಕಳೆದ ರಾತ್ರಿಯನ್ನು, ಊರಿನಲ್ಲಿ ಹೋದ ಮಾನವನ್ನು ಮರಳಿ ಕೊಡುವವರು ಯಾರು?

1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದಕ್ಕೆ ನೇರವಾದ ಪರಿಹಾರವಿರಲಿಲ್ಲ. ಬಂಧನಕ್ಕೆ ಮೊದಲೇ ಜಾಮೀನು ನೀಡುವ ಅಧಿಕಾರ ನ್ಯಾಯಾಲಯಕ್ಕೆ ಇರಬೇಕೆಂದು ಕಾನೂನು ಆಯೋಗವು 1969ರಲ್ಲಿ ತನ್ನ 41ನೆಯ ವರದಿಯಲ್ಲಿ ಸಲಹೆ ನೀಡಿತು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ಸಂಹಿತೆಯ 438ನೆಯ ಕಲಂ ಅದನ್ನು ಒಪ್ಪಿಕೊಂಡಿತು. ಇದೇ ನಿರೀಕ್ಷಣಾ ಜಾಮೀನು.

ಇಲ್ಲೊಂದು ವಿಷಯವನ್ನು ನೀವು ಗಮನಿಸಬೇಕು. ದಂಡ ಪ್ರಕ್ರಿಯೆಯು ಸಂವಿಧಾನದ ಸಮವರ್ತಿ ಪಟ್ಟಿಗೆ ಸೇರಿದ ವಿಷಯ. ಕೇಂದ್ರದ ಕಾನೂನಿಗೆ ವಿರುದ್ಧವಾಗಿ ರಾಜ್ಯವು ತಿದ್ದುಪಡಿ ಮಾಡಿದರೂ, 254ನೆಯ ಅನುಚ್ಛೇದದಂತೆ ರಾಷ್ಟ್ರಪತಿಗಳ ಅಂಕಿತ ದೊರೆತರೆ ಆ ರಾಜ್ಯದಲ್ಲಿ ಅದೇ ನಡೆಯುತ್ತದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಉತ್ತರ ಪ್ರದೇಶವು ಇದೇ ದಾರಿಯಿಂದ 438ನೆಯ ಕಲಮನ್ನು ತೆಗೆದುಹಾಕಿತು.

1977ರಲ್ಲಿ ತುರ್ತು ಪರಿಸ್ಥಿತಿ ಮುಗಿಯಿತು. ತಿದ್ದುಪಡಿ ಮಾತ್ರ ಉಳಿಯಿತು. 1980ರಲ್ಲಿ ಗುರುಬಕ್ಷ್ ಸಿಂಗ್ ಸಿಬ್ಬಿಯಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಈ ಕಲಮನ್ನು ವ್ಯಕ್ತಿಸ್ವಾತಂತ್ರ್ಯದೊಂದಿಗೆ ಜೋಡಿಸಿ, ಅದನ್ನು ಉದಾರವಾಗಿ ಅರ್ಥೈಸಿತು. ಕರ್ನಾಟಕದ ಪ್ರಜೆಗೆ ಆ ತೀರ್ಪಿನ ಫಲ ದೊರೆಯಿತು. ಉತ್ತರ ಪ್ರದೇಶದಲ್ಲಾದರೋ ಅರ್ಥೈಸಲು ಕಲಮೇ ಇರಲಿಲ್ಲ! ಅಲ್ಲಿನವರು ರಿಟ್ ಅರ್ಜಿ ಹಿಡಿದು ಉಚ್ಚ ನ್ಯಾಯಾಲಯದ ಬಾಗಿಲು ತಟ್ಟಬೇಕಾಯಿತು. ದೂರದ ಹಳ್ಳಿಯ ಬಡವನಿಗೆ ಆ ಬಾಗಿಲು ಎಷ್ಟು ದೂರ ಎಂಬುದನ್ನು ನೀವೇ ಊಹಿಸಿ.

ಕೊನೆಗೆ ರಾಜ್ಯ ವಿಧಾನಮಂಡಲವು 2018ರಲ್ಲಿ ಅಂಗೀಕರಿಸಿದ ತಿದ್ದುಪಡಿ 2019ರ ಜೂನ್‌ನಲ್ಲಿ ಜಾರಿಗೆ ಬಂದು, ಹಕ್ಕು ಮರಳಿತು. ಅರ್ಜಿಯನ್ನು 30 ದಿನಗಳೊಳಗೆ ಇತ್ಯರ್ಥಪಡಿಸಬೇಕು, ಮರಣದಂಡನೆ ವಿಧಿಸಬಹುದಾದ ಅಪರಾಧಗಳಿಗೆ ಇದು ಅನ್ವಯಿಸದು ಎಂಬ ಷರತ್ತುಗಳೂ ಅದರಲ್ಲಿದ್ದವು. 43 ವರ್ಷಗಳಲ್ಲಿ ಒಂದು ತಲೆಮಾರೇ ಕಳೆದುಹೋಗಿತ್ತು.

2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ನಿರೀಕ್ಷಣಾ ಜಾಮೀನು ಈಗ ಅದರ 482ನೆಯ ಕಲಂ. ಅದನ್ನು ತಿದ್ದುವ ದಾರಿಯೂ ರಾಜ್ಯಗಳಿಗೆ ಹಿಂದಿನಂತೆಯೇ ತೆರೆದಿದೆ. ಆದುದರಿಂದ ವಿಧಾನಸಭೆಯಲ್ಲಿ ಇಂತಹ ವಿಧೇಯಕ ಮಂಡನೆಯಾದ ಸುದ್ದಿ ಓದಿದಾಗ, ಅದು ಸೇರಿಸುವುದನ್ನಷ್ಟೇ ಅಲ್ಲ, ಬಿಟ್ಟುಬಿಡುವುದನ್ನೂ ಹುಡುಕಿ ನೋಡಿ.