ಮಂಚದಿಂದ ತಟ್ಟೆಗೆ: ಕ್ಷಯ ಚಿಕಿತ್ಸೆಯ ಸಂಶೋಧನೆ ನಡೆದ ದಾರಿ

1956ರಲ್ಲಿ ಮದರಾಸಿನ ಬಡ ಬಡಾವಣೆಗಳಿಂದ ಬಂದ ಕ್ಷಯರೋಗಿಗಳನ್ನು ಎರಡು ಪಾಲು ಮಾಡಲಾಯಿತು. ಯಾರು ಯಾವ ಪಾಲಿಗೆ ಎಂಬುದನ್ನು ವೈದ್ಯರು ತೀರ್ಮಾನಿಸಲಿಲ್ಲ, ಚೀಟಿ ಎತ್ತಿದ ಹಾಗೆ ಅದು ತಾನಾಗಿ ಗೊತ್ತಾಯಿತು. ಒಂದು ಪಾಲಿನವರು ಸ್ಯಾನಿಟೋರಿಯಂಗೆ ಹೋಗಿ ಹಾಸಿಗೆ ಹಿಡಿದರು. ಅವರಿಗೆ ವಿಶ್ರಾಂತಿ, ಗಾಳಿ, ಹೊಟ್ಟೆ ತುಂಬ ಊಟ ಸಿಕ್ಕಿತು. ಇನ್ನೊಂದು ಪಾಲಿನವರು ಮಾತ್ರೆಯ ಪೊಟ್ಟಣ ಹಿಡಿದು ತಮ್ಮ ಒಂದೇ ಕೋಣೆಯ ಮನೆಗಳಿಗೆ ಮರಳಿದರು. ಇಬ್ಬರಿಗೂ ಔಷಧ ಒಂದೇ: ಐಸೊನಿಯಾಜಿಡ್ ಮತ್ತು ಪಿ.ಎ.ಎಸ್., ಒಂದು ವರ್ಷ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಕಟ್ಟಿದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ಈ ಪ್ರಯೋಗ ನಡೆಸಿತು. ವಾಲೇಸ್ ಫಾಕ್ಸ್ ಅದರ ಮುಂದಾಳು.

ಚೀಟಿ ಎತ್ತುವ ಈ ಪದ್ಧತಿ ಆಗಿನ್ನೂ ಹೊಸದು. 1948ರಲ್ಲಿ ಬ್ರಿಟನ್ನಿನಲ್ಲಿ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯ ಫಲಿತಾಂಶ ಪ್ರಕಟವಾದಾಗ ಅದು ಹೆಸರಾಯಿತು. ಆರು ತಿಂಗಳಲ್ಲಿ ಔಷಧ ಪಡೆದ 55 ಮಂದಿಯಲ್ಲಿ 4 ಮಂದಿ ಸತ್ತಿದ್ದರು, ಬರೀ ವಿಶ್ರಾಂತಿ ಪಡೆದ 52 ಮಂದಿಯಲ್ಲಿ 14. ಜಗತ್ತು ಹಿಗ್ಗಿತು. ಆದರೆ ಐದು ವರ್ಷ ಕಳೆಯುವಷ್ಟರಲ್ಲಿ ಎರಡು ಗುಂಪಿನಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಉಳಿದಿರಲಿಲ್ಲ. ಒಂಟಿ ಔಷಧಕ್ಕೆ ಬ್ಯಾಕ್ಟೀರಿಯಾ ಬೇಗ ಒಗ್ಗಿಕೊಂಡುಬಿಡುತ್ತದೆ. ಎರಡು ಮೂರು ಔಷಧ ಕೂಡಿಸಿ ಕೊಡಬೇಕೆಂಬ ಪಾಠ ಬಂದದ್ದು ಹೀಗೆ.

ಮದರಾಸಿನ ಫಲಿತಾಂಶ 1959ರಲ್ಲಿ ಹೊರಬಿತ್ತು. ವರ್ಷದ ಕೊನೆಗೆ ಸ್ಯಾನಿಟೋರಿಯಂನವರಲ್ಲಿ ಶೇ 92, ಮನೆಯವರಲ್ಲಿ ಶೇ 86 ಮಂದಿಯ ರೋಗ ತಣ್ಣಗಾಗಿತ್ತು. ದೊಡ್ಡ ಅಂತರವೇನಲ್ಲ. ಮನೆಯಲ್ಲೇ ಇದ್ದ ರೋಗಿಯಿಂದ ಹೆಂಡತಿ ಮಕ್ಕಳಿಗೆ ಹೆಚ್ಚು ರೋಗ ಹರಡಿತೇ ಎಂದು ಐದು ವರ್ಷ ಕಾದು ನೋಡಿದರು, ಹರಡಿರಲಿಲ್ಲ. ಲಕ್ಷಗಟ್ಟಲೆ ರೋಗಿಗಳಿದ್ದು ಹಾಸಿಗೆಗಳು ಸಾವಿರದ ಲೆಕ್ಕದಲ್ಲಿದ್ದ ದೇಶಕ್ಕೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿರಲಿಲ್ಲ. ಶ್ರೀಮಂತ ದೇಶಗಳೂ ನಿಧಾನವಾಗಿ ತಮ್ಮ ಸ್ಯಾನಿಟೋರಿಯಂಗಳಿಗೆ ಬೀಗ ಹಾಕಿದವು.

ಇದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿತ್ತು. ಮನೆಯಲ್ಲಿದ್ದವರ ಊಟ ತೀರಾ ಬಡವಾಗಿತ್ತು, ಅವರ ಮೈತೂಕವೂ ಸ್ಯಾನಿಟೋರಿಯಂನವರಷ್ಟು ಏರಲಿಲ್ಲ. ಆದರೂ ಕಫದಿಂದ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಒಂದೇ ಸಮ ಮಾಯವಾಯಿತು. ಒಳ್ಳೆಯ ಔಷಧವಿದ್ದರೆ ಕಫ ಶುದ್ಧವಾಗಲು ಒಳ್ಳೆಯ ಊಟಕ್ಕಾಗಿ ಕಾಯಬೇಕಿಲ್ಲ ಎಂಬುದಷ್ಟೇ ಇದರ ಅರ್ಥ. ಓದಿದವರು ಮಾತ್ರ ಊಟವೇ ಮುಖ್ಯವಲ್ಲ ಎಂದು ಓದಿಕೊಂಡರು. ಮಂಚವನ್ನು ಹೊರಗೆ ಹಾಕುವಾಗ ತಟ್ಟೆಯೂ ಜೊತೆಗೇ ಹೋಯಿತು. ಆ ಕಥೆಗೆ ಆಮೇಲೆ ಬರುತ್ತೇನೆ.

ಅದೇ 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯ ‘ಅವಲಾನ್’ ಕಟ್ಟಡದಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಮನೆಯಲ್ಲೇ ವಾಸಿಯಾಗುತ್ತದೆ ಎಂದು ಮದರಾಸು ಹೇಳಿತ್ತು, ಸರಿ. ಆದರೆ ಹಳ್ಳಿಯ ರೋಗಿಯನ್ನು ಹುಡುಕುವುದು ಹೇಗೆ? ಹಳ್ಳಿಗರಿಗೆ ತಿಳಿವಳಿಕೆಯಿಲ್ಲ, ಕೆಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಎಕ್ಸ್‌ರೇ ಗಾಡಿ ಕಳಿಸಿ ಹಿಡಿದುತರಬೇಕು ಎಂಬುದು ಅಂದಿನ ತಜ್ಞರ ನಂಬಿಕೆ. ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅದನ್ನು ನಂಬುವ ಬದಲು ತುಮಕೂರು ಜಿಲ್ಲೆಯ ರೋಗಿಗಳನ್ನೇ ಕೇಳಿದರು. 1963ರಲ್ಲಿ ಬಂದ ಅವರ ಬರಹ ನನ್ನ ಮಟ್ಟಿಗೆ ಭಾರತದ ಸಾರ್ವಜನಿಕ ಆರೋಗ್ಯದ ಅತ್ಯಂತ ಪ್ರಾಮಾಣಿಕ ಪುಟಗಳಲ್ಲಿ ಒಂದು. ರೋಗಿಗಳಲ್ಲಿ ಶೇ 95 ಮಂದಿಗೆ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲವೆಂದು ಗೊತ್ತಿತ್ತು. ಶೇ 72 ಮಂದಿಗೆ ಅದು ಚಿಂತೆಗೆ ಹತ್ತಿತ್ತು. ಶೇ 52 ಮಂದಿ ಚಿಕಿತ್ಸೆ ಹುಡುಕಿ ಆಗಲೇ ಹೊರಟೂ ಇದ್ದರು. ಹೋದವರ ಕೈಗೆ ಸಿಕ್ಕಿದ್ದು ಬಹುಪಾಲು ಕೆಮ್ಮಿನ ಔಷಧದ ಬಾಟಲಿ.

ಎಂದರೆ ರೋಗಿ ಬಾಗಿಲಿಗೇ ಬಂದು ನಿಂತಿದ್ದ, ಒಳಗಿದ್ದವರು ಗುರುತಿಸಲಿಲ್ಲ. ಹಾಗಾಗಿ ಹಳ್ಳಿ ಹಳ್ಳಿಗೆ ಎಕ್ಸ್‌ರೇ ಒಯ್ಯುವುದನ್ನು ಬಿಟ್ಟು, ಕೆಮ್ಮುತ್ತಾ ಆಸ್ಪತ್ರೆಗೆ ಬಂದವರ ಕಫವನ್ನು ಅಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡುವುದು, ಅದನ್ನು ಸಾಮಾನ್ಯ ಆರೋಗ್ಯ ಕೇಂದ್ರದ ದಿನನಿತ್ಯದ ಕೆಲಸವಾಗಿಸುವುದು ಎಂದಾಯಿತು. ಬರಹ ಅಚ್ಚಾಗುವ ಮೊದಲೇ, 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಈ ತಳಹದಿಯ ಮೇಲೆ ನಿಂತಿತು. ಆ ದಿನಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಬೆಂಗಳೂರಿನಲ್ಲಿ ದುಡಿದ ಹಾಫ್ಡನ್ ಮಾಹ್ಲರ್ ಮುಂದೆ ಅದೇ ಸಂಸ್ಥೆಯ ಮಹಾನಿರ್ದೇಶಕರಾದರು. 1978ರಲ್ಲಿ ಅಲ್ಮಾ ಅಟಾದಲ್ಲಿ ‘ಎಲ್ಲರಿಗೂ ಆರೋಗ್ಯ’ದ ಘೋಷಣೆ ಹೊರಟಾಗ ಸಂಸ್ಥೆಯ ಚುಕ್ಕಾಣಿ ಅವರ ಕೈಯಲ್ಲಿತ್ತು.

ಕಾಗದದ ಮೇಲಿನ ಕಾರ್ಯಕ್ರಮ ಚೆನ್ನಾಗಿತ್ತು, ನೆಲದ ಮೇಲೆ ಸೊರಗಿತು. ಚಿಕಿತ್ಸೆ ಒಂದು ವರ್ಷವನ್ನೂ ಮೀರಿ ನಡೆಯುತ್ತಿತ್ತು, ಔಷಧದ ಪೂರೈಕೆ ಆಗಾಗ ಕೈಕೊಡುತ್ತಿತ್ತು. ಎರಡು ತಿಂಗಳಲ್ಲಿ ಕೆಮ್ಮು ನಿಂತು ಕೂಲಿಗೆ ಹೋಗುವಷ್ಟು ತ್ರಾಣ ಬಂದವನು ಮತ್ತೆ ಆಸ್ಪತ್ರೆಯ ಸಾಲಿನಲ್ಲಿ ದಿನ ಕಳೆಯುವುದು ಸುಲಭವಲ್ಲ. ಅಂಥವನಿಗೆ ‘ಡಿಫಾಲ್ಟರ್’ ಎಂದು ಹೆಸರಿಟ್ಟರು, ಬ್ಯಾಂಕಿನವರು ಸಾಲ ಕಟ್ಟದವನಿಗೆ ಹೇಳುವ ಪದವೇ.

ಮಾತ್ರೆ ನುಂಗದಿರುವ ಸಮಸ್ಯೆ ಫಾಕ್ಸ್ ಅವರಿಗೆ ಮದರಾಸಿನಲ್ಲೇ ಕಂಡಿತ್ತು. ರೋಗಿಗಳ ಮೂತ್ರ ಪರೀಕ್ಷಿಸಿದರೆ ಯಾರು ನುಂಗಿದ್ದಾರೆಂದು ತಿಳಿಯುತ್ತಿತ್ತು. ವಾರಕ್ಕೆ ಎರಡೇ ಸಲ, ಆದರೆ ಕಣ್ಣೆದುರೇ ಔಷಧ ಕೊಟ್ಟರೆ ಸಾಕೇ ಎಂಬ ಪ್ರಯೋಗವೂ 1960ರ ದಶಕದಲ್ಲಿ ಅಲ್ಲೇ ನಡೆದು ಗೆದ್ದಿತು. 1970ರ ದಶಕದಲ್ಲಿ ಪೂರ್ವ ಆಫ್ರಿಕಾದ ಪ್ರಯೋಗಗಳು ರಿಫಾಂಪಿಸಿನ್ ಸೇರಿಸಿ ಚಿಕಿತ್ಸೆಯನ್ನು ಆರು ತಿಂಗಳಿಗೆ ಇಳಿಸಿದವು. ಟಾಂಜಾನಿಯಾದಲ್ಲಿ ಕಾರೆಲ್ ಸ್ಟಿಬ್ಲೊ ಕಟ್ಟಿದ ಮಾದರಿ ಇವನ್ನೆಲ್ಲ ಹೊಲಿದು ಒಂದು ಮಾಡಿತು. ಅದೇ ಮುಂದೆ ‘ಡಾಟ್ಸ್’ ಆಯಿತು. ಭಾರತದಲ್ಲಿ 1993ರಲ್ಲಿ ಪ್ರಾಯೋಗಿಕವಾಗಿ ಆರಂಭವಾದದ್ದು 2006ರ ಹೊತ್ತಿಗೆ ಇಡೀ ದೇಶಕ್ಕೆ ಹಬ್ಬಿತು.

ಡಾಟ್ಸ್‌ನ ಹೆಸರಿನಲ್ಲೇ ಇದ್ದದ್ದು ಕಣ್ಣೆದುರು ನುಂಗಿಸುವ ನಿಯಮ. ಈ ನಿಯಮವನ್ನು ಬಿಡಿಸಿ ಪರೀಕ್ಷಿಸಿದಾಗ ಏನಾಯಿತು? ಪಾಕಿಸ್ತಾನದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರೋಗ್ಯ ಕಾರ್ಯಕರ್ತರ ಮುಂದೆ ನುಂಗಿದವರಲ್ಲಿ ಶೇ 64, ತಾವೇ ನುಂಗಿದವರಲ್ಲಿ ಶೇ 62 ಮಂದಿ ಗುಣವಾದರು. ಥಾಯ್ಲೆಂಡಿನಲ್ಲಿ ಲಾಭ ಕಂಡಿತು, ದಕ್ಷಿಣ ಆಫ್ರಿಕಾದಲ್ಲಿ ಕಾಣಲಿಲ್ಲ. ಎಲ್ಲವನ್ನೂ ಕೂಡಿಸಿ ತೂಗಿದವರು, ನುಂಗಿಸುವುದೊಂದರಿಂದಲೇ ಗುಣವಾಗುವವರ ಪ್ರಮಾಣ ಏರುವುದಿಲ್ಲ ಎಂಬ ತೀರ್ಮಾನಕ್ಕೆ ಬಂದರು. ಡಾಟ್ಸ್ ಬಂದ ಮೇಲೆ ಫಲಿತಾಂಶ ಸುಧಾರಿಸಿದ್ದು ನಿಜ. ಆದರೆ ಅದರ ಜೊತೆಗೆ ಔಷಧ ತಪ್ಪದೆ ಬರತೊಡಗಿತ್ತು, ಪ್ರಯೋಗಾಲಯ ನೆಟ್ಟಗಾಗಿತ್ತು, ಪ್ರತಿ ರೋಗಿಯ ಲೆಕ್ಕ ಇಡಲಾಗುತ್ತಿತ್ತು. ಕೀರ್ತಿ ಮಾತ್ರ ಕಾವಲಿಗೆ ಹೋಯಿತು. ಮಾತ್ರೆಯ ಹಿಂದೆ ಅಡಗಿದ ನಂಬರಿಗೆ ರೋಗಿ ಮಿಸ್ಡ್ ಕಾಲ್ ಕೊಡುವ 99ಡಾಟ್ಸ್ ಇದೇ ಕಾವಲಿನ ಮೊಬೈಲ್ ರೂಪ. ಅಂಥ ಡಿಜಿಟಲ್ ಸಾಧನಗಳ ಮೇಲಿನ ಪ್ರಯೋಗಗಳ ಫಲವೂ ಹೀಗೆಯೇ ಮಿಶ್ರವಾಗಿದೆ. ಡಾಟ್ಸ್‌ನಡಿ ವಾರಕ್ಕೆ ಮೂರು ಸಲ ಔಷಧ ಕೊಡುತ್ತಿದ್ದುದನ್ನು ಭಾರತ 2017ರಲ್ಲಿ ಬಿಟ್ಟು ದಿನವೂ ಕೊಡುವ ಪದ್ಧತಿಗೆ ಬಂತು.

ಇಷ್ಟು ಹೊತ್ತೂ ಎಲ್ಲರ ಕಣ್ಣು ರೋಗಿಯ ಮೇಲಿತ್ತು. ತುಮಕೂರಿನಲ್ಲಿ ಎದ್ದ ಪ್ರಶ್ನೆಯನ್ನು ವೈದ್ಯರತ್ತ ಮತ್ತೆ ತಿರುಗಿಸಲು ಅರ್ಧ ಶತಮಾನ ಬೇಕಾಯಿತು. 2015ರಲ್ಲಿ ಜಿಷ್ಣು ದಾಸ್ ಮತ್ತು ಸಂಗಡಿಗರು ಪ್ರಕಟಿಸಿದ ದೆಹಲಿಯ ಅಧ್ಯಯನದಲ್ಲಿ, ಕ್ಷಯರೋಗಿಯಂತೆ ನಟಿಸಲು ತರಬೇತಿ ಪಡೆದವರು ಖಾಸಗಿ ಕ್ಲಿನಿಕ್ಕುಗಳಿಗೆ ಹೋದರು. 250 ಭೇಟಿಗಳಲ್ಲಿ ಸರಿಯಾದ ಕ್ರಮ ಸಿಕ್ಕಿದ್ದು 52ರಲ್ಲಿ. ಅದೇ ರೋಗಲಕ್ಷಣವನ್ನು ಕಾಗದದ ಮೇಲೆ ಬರೆದು ಕೇಳಿದಾಗ ವೈದ್ಯರು ಎಷ್ಟೋ ಚೆನ್ನಾಗಿ ಉತ್ತರಿಸಿದರು. ತಿಳಿವಳಿಕೆಯಿತ್ತು, ಮಾಡಲಿಲ್ಲ. ಹೊಸ ಯಂತ್ರ ಬಂದರೆ ಇದು ತಾನೇ ಸರಿಹೋಗುತ್ತದೆ ಎಂಬ ಆಸೆಯೂ ಪೂರ್ತಿ ಕೈಗೂಡಲಿಲ್ಲ. ಎರಡು ಗಂಟೆಯಲ್ಲಿ ಕಫದಿಂದ ಕ್ಷಯವನ್ನು ಗುರುತಿಸುವ ಜೀನ್‌ಎಕ್ಸ್‌ಪರ್ಟ್ ಯಂತ್ರವನ್ನು ಆಫ್ರಿಕಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷಿಸಿದರು. ಚಿಕಿತ್ಸೆ ಬೇಗ ಶುರುವಾಯಿತು, ಆದರೆ ಆರು ತಿಂಗಳ ನಂತರ ರೋಗಿಗಳ ಸ್ಥಿತಿಯಲ್ಲಿ ಎದ್ದುಕಾಣುವ ವ್ಯತ್ಯಾಸ ಸಿಗಲಿಲ್ಲ.

ರೋಗಿ ದಾರಿಯಲ್ಲಿ ಎಲ್ಲೆಲ್ಲಿ ಕಳೆದುಹೋಗುತ್ತಾನೆ ಎಂಬುದನ್ನು ರಾಮ್‌ನಾಥ್ ಸುಬ್ಬರಾಮನ್ ಮತ್ತಿತರರು 2016ರಲ್ಲಿ ಲೆಕ್ಕ ಹಾಕಿದರು. 2013ರ ಅಂದಾಜಿನಂತೆ ದೇಶದಲ್ಲಿ 27 ಲಕ್ಷ ರೋಗಿಗಳು. ಸರ್ಕಾರಿ ಕಾರ್ಯಕ್ರಮದ ಬಳಿಗೆ ಬಂದು ಪರೀಕ್ಷೆ ಮಾಡಿಸಿಕೊಂಡವರು ಶೇ 72, ರೋಗ ಪತ್ತೆಯಾದವರು ಶೇ 60, ಚಿಕಿತ್ಸೆ ಮುಗಿಸಿದವರು ಶೇ 45, ಒಂದು ವರ್ಷ ರೋಗ ಮರುಕಳಿಸದೆ ಬದುಕಿದವರು ಶೇ 39. ಡಿಫಾಲ್ಟರ್ ಎಂದು ಬೈಸಿಕೊಂಡವರಿಗಿಂತ ಎಷ್ಟೋ ಹೆಚ್ಚು ಜನ ಮಾತ್ರೆಯ ಮುಖ ಕಾಣುವ ಮೊದಲೇ ಕಳೆದುಹೋಗಿದ್ದರು.

ಇನ್ನು ತಟ್ಟೆಯ ಕಥೆ. ಹಸಿವಿಗೂ ಕ್ಷಯಕ್ಕೂ ನಂಟಿದೆಯೆಂದು ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಆಹಾರ ಕೊಟ್ಟರೆ ಸಾವು ತಪ್ಪುತ್ತದೆ ಎಂಬುದಕ್ಕೆ ಪುರಾವೆ ಸಾಲದು ಎಂದೇ ಪರಾಮರ್ಶೆಗಳು ಹೇಳುತ್ತಿದ್ದವು, ನಡೆದ ಪ್ರಯೋಗಗಳು ಅಷ್ಟು ಸಣ್ಣವು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ದೊಡ್ಡ ಪ್ರಯೋಗವನ್ನೇ ಕೈಗೆತ್ತಿಕೊಂಡರು, ಹೆಸರು ‘ರೇಷನ್ಸ್’. 2,800 ರೋಗಿಗಳಿಗೂ ಚಿಕಿತ್ಸೆಯುದ್ದಕ್ಕೂ ತಿಂಗಳಿಗೆ ಹತ್ತು ಕೆಜಿ ಆಹಾರ ಕೊಟ್ಟರು: ಅಕ್ಕಿ, ಹುರಿದ ಕಡಲೆಯ ಹಿಟ್ಟು, ಹಾಲಿನ ಪುಡಿ, ಎಣ್ಣೆ. ಅರ್ಧದಷ್ಟು ಮನೆಗಳಲ್ಲಿ ರೋಗಿಯ ಜೊತೆ ಇರುವವರಿಗೂ ತಲೆಗೆ ಐದು ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ. ರೋಗಿಯ ಊಟವನ್ನು ಮಾತ್ರ ಮನೆಗೆ ಕಳಿಸಿದರೆ ಅದು ಮಕ್ಕಳ ತಟ್ಟೆಗೆ ಹೋಗುತ್ತದೆ ಎಂಬುದು ಊಹಿಸಲು ಕಷ್ಟದ ಸಂಗತಿಯಲ್ಲ.

ಫಲಿತಾಂಶ 2023ರ ಆಗಸ್ಟಿನಲ್ಲಿ ಬಂತು. ಆಹಾರ ಪಡೆದ ಮನೆಮಂದಿಯಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇ 39ರಷ್ಟು, ಕಫದಲ್ಲಿ ಖಚಿತವಾಗುವ ಶ್ವಾಸಕೋಶದ ಕ್ಷಯ ಶೇ 48ರಷ್ಟು ಇಳಿಯಿತು. ರೋಗಿಗಳೆಲ್ಲರಿಗೂ ಆಹಾರ ಸಿಕ್ಕಿದ್ದರಿಂದ ಅವರಲ್ಲಿ ಹೋಲಿಕೆಗೆ ಗುಂಪಿಲ್ಲ, ಈ ಮಿತಿಯನ್ನು ನೆನಪಿಡಬೇಕು. ರೋಗಿಗಳ ಪೈಕಿ ಐವರಲ್ಲಿ ನಾಲ್ವರಿಗಿಂತಲೂ ಹೆಚ್ಚು ಮಂದಿಯ ಮೈತೂಕ ಚಿಕಿತ್ಸೆ ಆರಂಭಿಸುವಾಗಲೇ ಇರಬೇಕಾದುದಕ್ಕಿಂತ ಕಡಿಮೆಯಿತ್ತು. ಮೊದಲ ಎರಡು ತಿಂಗಳಲ್ಲಿ ಮೈತೂಕ ಶೇ 5ರಷ್ಟು ಏರಿದವರಿಗೆ ಸಾವಿನ ಅಪಾಯ ಉಳಿದವರಿಗಿಂತ ಶೇ 61ರಷ್ಟು ಕಡಿಮೆಯಿತ್ತು.

ಸರ್ಕಾರ 2018ರಲ್ಲಿ ನಿಕ್ಷಯ್ ಪೋಷಣ್ ಯೋಜನೆಯಡಿ ರೋಗಿಗೆ ತಿಂಗಳಿಗೆ ₹500 ಕೊಡಲು ಆರಂಭಿಸಿತ್ತು, 2024ರ ನವೆಂಬರಿನಲ್ಲಿ ಅದನ್ನು ₹1,000ಕ್ಕೆ ಏರಿಸಿತು. ಮನೆಯ ಉಳಿದವರ ಪಾಲು ಬ್ಯಾಂಕಿನ ಖಾತೆಗೆ ಬೀಳುವ ಆ ದುಡ್ಡಿನಲ್ಲಿ ಇಲ್ಲ. ಔಷಧದ ಪ್ರಮಾಣ ಗೊತ್ತುಮಾಡಲು ಪ್ರತಿ ರೋಗಿಯನ್ನೂ ತಕ್ಕಡಿಯ ಮೇಲೆ ನಿಲ್ಲಿಸುವ ಪದ್ಧತಿ ಮೊದಲೇ ಇದೆ. ನಲವತ್ತು ಕೆಜಿಯ ಒಬ್ಬ ಹೆಂಗಸು ಎರಡು ತಿಂಗಳ ನಂತರ ಅದರ ಮೇಲೆ ಮತ್ತೆ ನಿಂತಾಗ ಮುಳ್ಳು ನಲವತ್ತೆರಡಕ್ಕೆ ಬರಬೇಕು. ಎರಡು ಕೆಜಿ.