ಸೊಪ್ಪಿನ ಬೆಟ್ಟ ಮತ್ತು ಮನೆಯ ನೆಲ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಾದಿಯಲ್ಲಿ ಸಾಗುವವರಿಗೆ ನೆಲದ ಅಭಾವವೆಂಬುದು ತೋರದು. ಎತ್ತ ನೋಡಿದರೂ ಕಾಡು. ಕಣಿವೆಯಲ್ಲಿ ಅಡಕೆ ತೋಟ. ತೋಟದ ತಲೆಯಲ್ಲಿ ಒಂಟಿ ಮನೆ. ಆದರೂ ಮನೆ ಕಟ್ಟಲು ಎರಡು ಗುಂಟೆ ಸ್ವಂತ ನೆಲ ದೊರೆಯದ ಕುಟುಂಬಗಳು ಇಲ್ಲಿ ಹೇರಳ. ಇದರ ಮೂಲವನ್ನು ಹತ್ತೊಂಬತ್ತನೆಯ ಶತಮಾನದ ಅರಣ್ಯ ನಕ್ಷೆಯಲ್ಲಿ ಹುಡುಕಬೇಕೆಂದು ನನಗೆ ತೋರುತ್ತದೆ.

1799ರಲ್ಲಿ ಕುಂಪಣಿಯ ಕೈಸೇರಿದ ಕೆನರಾದ ಉತ್ತರ ಭಾಗ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು. 1878ರ ಅರಣ್ಯ ಕಾಯಿದೆಯ ತರುವಾಯ ಗಡಿಗಲ್ಲುಗಳು ಬಿದ್ದವು. ಮರದ ಮೇಲೆ ಕಣ್ಣಿಟ್ಟಿದ್ದ ಸರಕಾರ ಊರಂಚಿನ ಬೇಣ, ಕುಮರಿ ಹಕ್ಕಲುಗಳನ್ನೂ ಗಡಿಯೊಳಗೆ ಸೇರಿಸಿಕೊಂಡಿತು. ಇಂದಿಗೂ ಜಿಲ್ಲೆಯ ಸುಮಾರು ಶೇಕಡಾ 80ರಷ್ಟು ನೆಲ ಅರಣ್ಯದ ಲೆಕ್ಕದಲ್ಲಿದೆ.

ಸೊಪ್ಪಿಲ್ಲದೆ ಅಡಕೆಯಿಲ್ಲ, ಅಡಕೆಯಿಲ್ಲದೆ ಕಂದಾಯವಿಲ್ಲ. ಅದನ್ನು ಸರಕಾರವೂ ಬಲ್ಲದಾಗಿತ್ತು. ಆದುದರಿಂದ ಘಟ್ಟದ ಮೇಲಿನ ತೋಟಿಗರಿಗೆ ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟ ದೊರೆಯಿತು. ಈ ಸವಲತ್ತು ಸೊಪ್ಪು, ದರಕು, ಉರುವಲುಗಳದು. ಮನೆ ಕಟ್ಟುವ ಹಕ್ಕು ಅದರಲ್ಲಿಲ್ಲ. ಹೀಗೆ ಅಡಕೆ ಮರದ ಬುಡಕ್ಕೆ ಬೇಕಾದ ನೆಲಕ್ಕೆ ಅಳತೆ ಗೊತ್ತಾಯಿತು. ಕೊನೆ ಕೊಯ್ಯುವವನ, ಮಣ್ಣು ಹೊರುವವಳ ಬಿಡಾರಕ್ಕೆ ಗೊತ್ತಾಗಲಿಲ್ಲ. ಅವರು ಒಡೆಯರ ಹಿತ್ತಲಲ್ಲೋ ಕಾಡಂಚಿನಲ್ಲೋ ಸೋಗೆ ಹೊದೆಸಿ ನಿಂತರು. ಹಿತ್ತಲ ಬಿಡಾರಕ್ಕೆ 1974ರ ಭೂಸುಧಾರಣೆ ತುಸು ಆಸರೆಯಾಯಿತು. ಕಾಡಂಚಿನದು ಮಾತ್ರ ‘ಅತಿಕ್ರಮಣ’ವಾಗಿಯೇ ಉಳಿಯಿತು. ಪಹಣಿಯಲ್ಲಿ ಹೆಸರಿಲ್ಲದವನಿಗೆ ನೆಲದ ಮೇಲೆ ಸಾಲ ಹುಟ್ಟದು. ಎಂದು ಎಬ್ಬಿಸುವರೋ ಎಂಬ ಅಂಜಿಕೆಯಲ್ಲಿ ಗಟ್ಟಿ ಗೋಡೆ ಎಬ್ಬಿಸಲು ಮನಸ್ಸೂ ಬಾರದು.

ಕಾಡಿನ ಬೆಲೆಯನ್ನು ಕಡೆಗಣಿಸಿ ನಾನು ಈ ಮಾತು ಹೇಳುತ್ತಿಲ್ಲ. 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಬಳಿ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದವರು ಹಳ್ಳಿಗರೇ. ಆದರೆ 1980ರ ಅರಣ್ಯ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅರಣ್ಯದ ನೆಲವನ್ನು ಅನ್ಯ ಉಪಯೋಗಕ್ಕೆ ಬಿಡಲು ಕೇಂದ್ರದ ಒಪ್ಪಿಗೆ ಬೇಕಾಯಿತು. ಬೆಳೆಯುವ ಪೇಟೆಗೂ ಒಡೆಯುವ ಕುಟುಂಬಕ್ಕೂ ಉಳಿದದ್ದು ಅದೇ ಇಕ್ಕಟ್ಟಾದ ಕಂದಾಯ ಭೂಮಿ, ತೋಟ-ಗದ್ದೆಗಳೂ ಅದರಲ್ಲಿಯೇ.

2006ರ ಅರಣ್ಯ ಹಕ್ಕು ಕಾಯಿದೆ, 2005ರ ಡಿಸೆಂಬರ್ 13ಕ್ಕೆ ಮುಂಚಿನ ವಾಸವನ್ನು ಒಪ್ಪಿತು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಯಲ್ಲಾಪುರದ ಸಿದ್ದಿಯರಿಗೆ ಅಷ್ಟು ಸಾಕು. ಪಂಗಡಕ್ಕೆ ಸೇರದ ನೆರೆಮನೆಯವನು ಮಾತ್ರ ಮೂರು ತಲೆಮಾರು, ಅಂದರೆ 75 ವರ್ಷಗಳ ನೆಲೆಯನ್ನು ತೋರಿಸಬೇಕು. ಮಲೆನಾಡಿನ ಮಳೆಯಲ್ಲಿ ಮಣ್ಣಿನ ಗೋಡೆ, ಸೋಗೆಯ ಮಾಡು ಅಷ್ಟು ಕಾಲ ನಿಲ್ಲಲಾರವು. ಹಿರಿಯರ ಹೇಳಿಕೆಯನ್ನೂ ನಿಯಮಗಳು ಸಾಕ್ಷ್ಯವೆಂದು ಒಪ್ಪುತ್ತವೆ. ಆದರೆ ಅಷ್ಟು ಹಿಂದಿನದನ್ನು ಕಣ್ಣಾರೆ ಕಂಡ ಹಿರಿಯರು ಕೇರಿಗಳಲ್ಲಿ ಈಗ ವಿರಳ.