ಹೆಬ್ಬೆಟ್ಟಿಗೆ ಮುಂಚಿನ ಓದು

ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲ ಅಂದರೆ ಹೊರಗಿನವರಿಗೆ ಸಂತಾನ ವೇಣುಗೋಪಾಲಸ್ವಾಮಿ ಗುಡಿ. ಮಕ್ಕಳ ಫಲ ಬೇಡಿ ಬರುತ್ತಾರೆ. ನನಗೆ ಮಾತ್ರ ಈ ಸೀಮೆ ಅಂದರೆ ಕಿವಿ. ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿ ಕಥೆ ಹಾಡಿದರೆ ಕೇರಿಗೆ ಕೇರಿಯೇ ಕುಂತು ಕೇಳುತ್ತಿತ್ತು. ಅದಕ್ಕೆ ಪುಸ್ತಕ ಬೇಕಿರಲಿಲ್ಲ. ಪುಸ್ತಕ ಇದ್ದದ್ದು ಮೇಲುಜಾತಿಯವರ ಜಗಲಿಯಲ್ಲಿ. ಅಲ್ಲಿ ಭಾರತ ಓದುವಾಗ ನಮ್ಮವರು ದೂರ ನಿಂತು ಕೇಳಬೇಕಿತ್ತು.

ಕೇರಿಯೊಳಕ್ಕೆ ತಪ್ಪದೆ ಬಂದ ಬರಹ ಸಾಲದ ಕಾಗದ. ಬರೆದವನೇ ಓದುವವನು, ಓದುವವನೇ ಸಾಹುಕಾರ. ಏನು ಬರೆದನೋ, ಏನು ಓದಿದನೋ! ನಮ್ಮವರು ಹೆಬ್ಬೆಟ್ಟು ಒತ್ತಿ ಜೀತಕ್ಕೆ ನಿಂತರು. 1976ರ ಕಾಯಿದೆ ಜೀತವನ್ನು ಅಪರಾಧ ಅಂದಿತು, ಜೀತದ ಸಾಲವನ್ನೂ ಅಳಿಸಿತು. ಆ ಕಾಯಿದೆಯನ್ನೂ ಯಾರಾದರೂ ಓದಿ ಹೇಳಬೇಕಿತ್ತಲ್ಲ. ಅಂಬೇಡ್ಕರರು 1920ರ ಜನವರಿ 31ರಂದು ‘ಮೂಕನಾಯಕ’ ತಂದದ್ದು ಓದು ಬಾರದವರೇ ಹೆಚ್ಚಿದ್ದ ಜನಕ್ಕಾಗಿ. ಒಬ್ಬ ಓದಿದರೆ ಹತ್ತು ಜನ ಕೇಳುತ್ತಾರೆ ಅನ್ನುವ ನಂಬಿಕೆಯಿಲ್ಲದೆ ಯಾರೂ ಇಂಥ ಕೆಲಸಕ್ಕೆ ಕೈಹಾಕುವುದಿಲ್ಲ.

ಹೆಂಗಸರ ಸರದಿ ಬಂದದ್ದು ತಡವಾಗಿ. 1989ರಲ್ಲಿ ಮಹಿಳಾ ಸಮಖ್ಯ ಕರ್ನಾಟಕಕ್ಕೆ ಬಂದಾಗ ಮೊದಲು ಹಿಡಿದ ಜಿಲ್ಲೆಗಳು ಬೀದರ್, ಬಿಜಾಪುರ, ಮೈಸೂರು. ಸಂಘಕ್ಕೆ ಕೂಡಿದವರಲ್ಲಿ ಹೆಚ್ಚಿನವರು ಕೂಲಿಯ ದಲಿತ ಹೆಂಗಸರು. ಮೊದಲು ಮಾತು, ತಾವೇ ಬೇಕೆಂದಾಗ ಅಕ್ಷರ. ಇದು ನನಗೆ ಸರಿಯಾದ ಕ್ರಮ ಅನ್ನಿಸುತ್ತದೆ. 2000ದ ಹೊತ್ತಿಗೆ ಸ್ತ್ರೀಶಕ್ತಿ ಸಂಘಗಳು ಬಂದವು, ಜೊತೆಗೆ ನಡಾವಳಿ ಪುಸ್ತಕ. ಯಾರು ಎಷ್ಟು ಉಳಿತಾಯ ಕಟ್ಟಿದರು, ಯಾರಿಗೆ ಸಾಲ, ಯಾತಕ್ಕೆ, ಬಡ್ಡಿ ಎಷ್ಟು, ಎಲ್ಲವನ್ನೂ ಗಟ್ಟಿಯಾಗಿ ಓದಬೇಕು. ಆಮೇಲೆ ಸಹಿ, ಹೆಬ್ಬೆಟ್ಟು.

ನಾನು ಹೈಸ್ಕೂಲಲ್ಲಿದ್ದಾಗ ನಮ್ಮವ್ವನ ಸಂಘದಲ್ಲಿ ಓದುವ ಕೆಲಸ ನನಗೆ ಬಿತ್ತು. ಒಂದು ಸಂಜೆ ಬೇಗ ಮುಗಿಸಿ ಆಟಕ್ಕೆ ಓಡೋಣ ಅಂತ ಎರಡು ಸಾಲು ನುಂಗಿದೆ. ಅಕ್ಷರ ಬಾರದ ದೊಡ್ಡವ್ವ ತಡೆದಳು: “ನಿಂತ್ಕ ಮಗ. ನನ್ನ ಇನ್ನೂರು ರೂಪಾಯಿ ಎಲ್ಲೋಯ್ತು? ಅದ ಓದು ಮೊದ್ಲು.” ಅವಳ ಲೆಕ್ಕ ಅವಳ ತಲೆಯಲ್ಲಿತ್ತು. ಬಿ.ಎ. ಪಾಸಾದ ಮೇಲೂ ಆ ನಾಚಿಕೆ ನನ್ನ ಬಿಟ್ಟಿಲ್ಲ. ಓದು ಬಂದವನ ಬಾಯೊಳಕ್ಕೆ ಸಾಹುಕಾರ ಬಂದು ಕೂರಲು ಒಂದು ಗಳಿಗೆ ಸಾಕು.

ಒಟ್ಟಾಗಿ ಓದಿದ್ದೆಲ್ಲ ನಮ್ಮದೂ ಅಲ್ಲ. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕು 1984ರಲ್ಲಿ 16 ನಿರ್ಧಾರಗಳನ್ನು ಮಾಡಿ, ಗುಂಪಿನ ಹೆಂಗಸರ ಬಾಯಲ್ಲಿ ಹೇಳಿಸಿತು. ಅದರಲ್ಲಿ ಮಕ್ಕಳ ಓದು, ವರದಕ್ಷಿಣೆ ಬೇಡ ಅನ್ನುವ ಮಾತಾದರೂ ಇತ್ತು. ಇಲ್ಲಿ ಕೆಲವು ಮೈಕ್ರೋ ಫೈನಾನ್ಸ್ ಕಂಪನಿಗಳ ವಾರದ ಸಭೆಯಲ್ಲಿ ಉಳಿದದ್ದು ಕಂತು ಕಟ್ಟುವ ಪ್ರತಿಜ್ಞೆ. ಪ್ರತಿಜ್ಞೆ ಎಲ್ಲರ ಬಾಯಲ್ಲಿ. ಬಡ್ಡಿ, ದಂಡದ ಸಣ್ಣಕ್ಷರ ಯಾರ ಬಾಯಲ್ಲೂ ಇಲ್ಲ. 2025ರ ಆರಂಭದಲ್ಲಿ ಚಾಮರಾಜನಗರ, ಮೈಸೂರು ಜಿಲ್ಲೆಗಳಲ್ಲಿ ವಸೂಲಿಗೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಬಂತು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು: ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ.

ಅದನ್ನು ಅವ್ವನ ಸಂಘದಲ್ಲಿ ಓದಿದೆ. ಈ ಸಲ ಒಂದು ಸಾಲೂ ಬಿಡಲಿಲ್ಲ. ದೊಡ್ಡವ್ವ ಕೇಳಿ ಮುಗಿಸಿ ಅಂದಳು: “ಕನ್ನಡ ಅಂತೀಯ. ನಮ್ಗ ತಿಳಿಯಂಗ ಓದು.”

ಮತ್ತೆ ಮೊದಲಿಂದ ಶುರುಮಾಡಿದೆ.